ಊಟ ಆಯ್ತಾ ಅಂದರೆ ಆಯ್ತು

ಬಸವೇಶ್ವರನಗರದ ಯಾವುದಾದರೂ ಮನೆಯಲ್ಲಿ ‘ಪ್ರೀತಿಯ ಊಟದ ನೆನಪಿಗೆ’ ಅಂತ ಬರೆದಿರುವ ಸ್ಟೀಲ್ ಬಟ್ಟಲು ನಿಮ್ಮ ಕಣ್ಣಿಗೆ ಬಿದ್ದರೆ, ಅದರ ಅರ್ಧ ಬರಹಕ್ಕೆ ನಾನೇ ಹೊಣೆ. ಅಲ್ಲಿ ಇರಬೇಕಾಗಿದ್ದದ್ದು ‘ಪ್ರೀತಿಯ ಉಡುಗೊರೆ’. ನಾನು ಬಾಯಿ ಮುಚ್ಚಿಕೊಂಡು ಕೂತಿದ್ದರೆ ಹಾಗೇ ಇರುತ್ತಿತ್ತು. ಆದರೆ ಬಾಯಿ ಮುಚ್ಚಿಕೊಂಡು ಕೂರುವ ವಿದ್ಯೆ ನನಗೆ ಹುಟ್ಟಿನಿಂದಲೂ ಬಂದಿಲ್ಲ. ಹೆರಿಗೆ ವಾರ್ಡಿನಲ್ಲಿ ಪಕ್ಕದ ಮಗು ಅತ್ತ ಹಾಗೇ ಅತ್ತು ನರ್ಸಮ್ಮನನ್ನು ಗಲಿಬಿಲಿ ಮಾಡಿದ್ದೆ ಅಂತ ಅಮ್ಮ ಹೇಳುತ್ತಾಳೆ. ಅಮ್ಮ ಒಂದಕ್ಕೆರಡು ಸೇರಿಸಿ ಹೇಳುತ್ತಾಳೆ. ನಾನು ಅವಳ ಮಗ.

ನನಗೆ ಬರುವುದು ಒಂದೇ ಕೆಲಸ, ಮಿಮಿಕ್ರಿ. ಮೂಡಲಪಾಳ್ಯದ ನಮ್ಮ ಬೀದಿಯ ಗಣೇಶನ ಪೆಂಡಾಲಿನಲ್ಲಿ ಆರ್ಕೆಸ್ಟ್ರಾದ ಗಾಯಕ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೆಲ್ಲ ನನ್ನನ್ನು ಸ್ಟೇಜಿಗೆ ತಳ್ಳುತ್ತಿದ್ದರು. ಮೆಟ್ರೋದಲ್ಲಿ ‘ಮುಂದಿನ ನಿಲ್ದಾಣ’ ಅನ್ನುವ ಹೆಣ್ಣು ದನಿ, ಬಸ್ಸಿನ ಕಂಡಕ್ಟರು, ತಳ್ಳುಗಾಡಿಯ ಸೊಪ್ಪಿನವಳು, ನಮ್ಮ ಕಾಲೇಜಿನ ಪ್ರಿನ್ಸಿಪಾಲರು, ಎಲ್ಲರೂ ನನ್ನ ಗಂಟಲಲ್ಲಿ ಬಾಡಿಗೆಗೆ ಇದ್ದಾರೆ. ಒಬ್ಬರೂ ಬಾಡಿಗೆ ಕೊಡುವುದಿಲ್ಲ, ಅದೇ ತೊಂದರೆ. ಬಿ.ಕಾಂ. ಮುಗಿಸಿ ಮನೆಯಲ್ಲಿ ಕೂತವನಿಗೆ ಅಮ್ಮ ಒಂದು ದಿನ, “ನಿನ್ನ ಬಾಯಿಗೆ ಸಂಬಳ ಕೊಡೋ ಜಾಗ ಎಲ್ಲಾದ್ರೂ ಇದ್ರೆ ಹುಡುಕ್ಕೊಳಪ್ಪಾ, ನಂಗೂ ಸ್ವಲ್ಪ ಕಿವಿ ತಣ್ಣಗಾಗ್ಲಿ” ಅಂದಳು. ಹುಡುಕಿದೆ. ವಿಜಯನಗರದಲ್ಲಿ ಒಂದು ದೊಡ್ಡ ಪಾತ್ರೆ ಅಂಗಡಿ. ಸೇಲ್ಸ್‌ಗೆ ಜನ ಬೇಕಾಗಿದ್ದಾರೆ ಅಂತ ಗಾಜಿನ ಮೇಲೆ ಅಂಟಿಸಿದ್ದರು.

ಮಾಲೀಕರು, “ಮಾತಾಡಕ್ಕೆ ಬರತ್ತೇನಪ್ಪಾ?” ಅಂದರು.

“ಯಾರ ಥರ ಮಾತಾಡ್ಲಿ ಸಾರ್?” ಅಂದೆ.

ಅವರು ನಕ್ಕರು, ಕೆಲಸ ಸಿಕ್ಕಿತು. ಸಂಬಳ ಎಷ್ಟು ಅಂತ ಕೇಳಿದೆ. ವಾರದ ರಜಾ ಯಾವತ್ತು ಅಂತ ಕೇಳಿದೆ. ಹಬ್ಬಕ್ಕೆ ಬೋನಸ್ ಉಂಟಾ ಅಂತಲೂ ಕೇಳಿದೆ, ನಾಚಿಕೆ ಇಲ್ಲದವನು. ಮಧ್ಯಾಹ್ನ ಊಟಕ್ಕೆ ಯಾವಾಗ ಬಿಡ್ತೀರಾ ಅಂತ ಕೇಳುವುದು ಮಾತ್ರ ತಲೆಗೇ ಹೊಳೆಯಲಿಲ್ಲ. ಸ್ಕೂಲಲ್ಲಿ ಬೆಲ್ ಹೊಡೆದ ಹಾಗೆ ಮಧ್ಯಾಹ್ನ ಅನ್ನುವುದು ತಾನಾಗಿಯೇ ಬರುತ್ತದೆ ಅಂದುಕೊಂಡಿದ್ದೆ.

ಬರಲಿಲ್ಲ. ಮೊದಲ ದಿನ ಬೆಳಗ್ಗೆ ಬಾಗಿಲು ತೆಗೆದಾಗಿನಿಂದ ನಿಂತವನು ನಿಂತೇ ಇದ್ದೆ. ಕುಕ್ಕರ್ ಆಯಿತು, ಇಡ್ಲಿ ಪಾತ್ರೆ ಆಯಿತು, ಆಮೇಲೆ ಒಂದು ದೊಡ್ಡ ಸಂಸಾರ ಬಂದು ಕೊಳದಪ್ಪಲೆಗಳನ್ನೆಲ್ಲ ಕೆಳಗಿಳಿಸಿ, ತಟ್ಟಿ ನೋಡಿ, “ಯೋಚ್ನೆ ಮಾಡಿ ಬರ್ತೀವಿ” ಅಂತ ಹೊರಟುಹೋಯಿತು. ಅಮ್ಮ ಕಟ್ಟಿಕೊಟ್ಟ ಚಿತ್ರಾನ್ನದ ಡಬ್ಬಿ ಹಿಂದುಗಡೆ ರಟ್ಟಿನ ಪೆಟ್ಟಿಗೆಗಳ ನಡುವೆ, ಬ್ಯಾಗಿನಲ್ಲಿ, ಮುಚ್ಚಳ ಹಾಕಿದ್ದು ಹಾಗೇ ಇತ್ತು.

ಆ ಹೊತ್ತಿಗೆ ಮಾಲೀಕರು ಬಂದರು. ಅವರ ಮನೆ ಅಂಗಡಿಯ ಮೇಲೆಯೇ. ಊಟ ಮುಗಿಸಿ, ಎಲೆ ಅಡಿಕೆ ಹಾಕಿಕೊಂಡು, ಬಿಳಿ ಶರ್ಟಿನ ತೋಳು ಇಳಿಸಿಕೊಳ್ಳುತ್ತ ಇಳಿದು ಬರುತ್ತಾರೆ. ಒಳ್ಳೆಯ ಮನುಷ್ಯ, ಅದನ್ನು ಈಗಲೇ ಹೇಳಿಬಿಡುತ್ತೇನೆ. ಏನು ಹೇಳುವುದಿದ್ದರೂ ಮೈಕ್ ಪರೀಕ್ಷೆ ಮಾಡುವವರ ಹಾಗೆ ಎರಡು ಸಲ ಕೆಮ್ಮಿಯೇ ಶುರು ಮಾಡುವುದು. ಕೌಂಟರ್‌ನಿಂದ ಕೌಂಟರ್‌ಗೆ ಬಂದು ಒಬ್ಬೊಬ್ಬರನ್ನೂ ವಿಚಾರಿಸುತ್ತಾರೆ. ನನ್ನ ಮುಂದೆ ನಿಂತು, “ಹ್ಹುಂ ಹ್ಹುಂ. ಏನಪ್ಪಾ, ಊಟ ಆಯ್ತಾ?” ಅಂದರು.

“ಆಯ್ತು ಸಾರ್. ನಿಮ್ದು?” ಅಂದೆ.

ಇದನ್ನು ಸುಳ್ಳು ಅನ್ನಬೇಡಿ. ನಮ್ಮಲ್ಲಿ ‘ಊಟ ಆಯ್ತಾ’ ಅಂದರೆ ಊಟ ಆಯಿತಾ ಅಂತ ಅರ್ಥವೇ ಅಲ್ಲ. ಚೆನ್ನಾಗಿದ್ದೀಯಾ, ನಾನು ನಿನ್ನನ್ನು ನೋಡಿದೆ, ನಮ್ಮಿಬ್ಬರ ಮಧ್ಯೆ ಜಗಳ ಇಲ್ಲ, ಇಷ್ಟು ಅರ್ಥ. ಬಸ್‌ಸ್ಟಾಪಿನಲ್ಲಿ ಸಿಕ್ಕವರು ಕೇಳಿದಾಗ, “ಇಲ್ಲ, ಹೊಟ್ಟೆ ಚುರುಗುಟ್ತಿದೆ” ಅಂದುಬಿಟ್ಟರೆ ಅವರ ಗತಿ ಏನು? ಮನೆಗೆ ಕರೆದುಕೊಂಡು ಹೋಗಿ ಬಡಿಸಬೇಕಾಗುತ್ತದೆ. ಅದಕ್ಕೇ ಕೇಳಿದ ತಕ್ಷಣ ‘ಆಯ್ತು’ ಅಂದುಬಿಡುವುದು. ಕೇಳಿದವರಿಗೂ ಮರ್ಯಾದೆ, ಹೇಳಿದವರಿಗೂ ಮರ್ಯಾದೆ. ಹೊಟ್ಟೆ ಒಂದಕ್ಕೇ ಮರ್ಯಾದೆ ಇಲ್ಲ.

ಅಂಗಡಿಯಲ್ಲಿ ಇದ್ದವರೆಲ್ಲ ಹೀಗೇ. ಮಾಲೀಕರು ದಿನಾ ಕೇಳುತ್ತಿದ್ದರು, ಎಲ್ಲರೂ ದಿನಾ ಆಯ್ತು ಅನ್ನುತ್ತಿದ್ದರು. ಆಗಿರುತ್ತಿರಲಿಲ್ಲ. ಗಿರಾಕಿ ಇಲ್ಲದಾಗ ಹಿಂದೆ ಹೋಗಿ ತಿನ್ನುವುದು ಅಂತ ಪದ್ಧತಿ. ಗಿರಾಕಿ ಇಲ್ಲದ ಹೊತ್ತು ಅಂತ ಒಂದಿರಲಿಲ್ಲ. ಪೆಟ್ಟಿಗೆಗಳ ಸಂದಿಯಲ್ಲಿ ನಿಂತು ಎರಡು ತುತ್ತು ಬಾಯಿಗೆ ಹಾಕುವಷ್ಟರಲ್ಲಿ ನಮ್ಮ ಸೀನಿಯರ್ ಅಣ್ಣ ಕೂಗುತ್ತಿದ್ದ: “ಮಗಾ, ಮಿಕ್ಸಿ ನೋಡೋರು ಬಂದಿದಾರೆ, ಬಾರೋ!” ಅನ್ನವನ್ನು ಕೆನ್ನೆಯಲ್ಲಿ ಇಟ್ಟುಕೊಂಡೇ ಮಿಕ್ಸಿಯ ಗುಣಗಾನ. ನನಗೆ ಕೊಟ್ಟದ್ದು ಯಾವ ವಿಭಾಗ ಗೊತ್ತೇ? ಟಿಫನ್ ಡಬ್ಬಿ. “ಸಂಜೆವರೆಗೂ ಬಿಸಿ ಇರತ್ತೆ ಆಂಟಿ, ನಾನೇ ಗ್ಯಾರಂಟಿ” ಅಂತ ಸಾಲುಸಾಲು ಊಟದ ಡಬ್ಬಿ ಮಾರುವುದು, ನನ್ನ ಡಬ್ಬಿ ಹಿಂದೆ ತಣ್ಣಗೆ ಹೆಪ್ಪುಗಟ್ಟುವುದು.

ಇದರ ಪೆಟ್ಟು ಹೆಚ್ಚು ಬೀಳುತ್ತಿದ್ದದ್ದು ಅಕ್ಕನ ಮೇಲೆ. ಅಕ್ಕ ಅಂದರೆ ನಮ್ಮಂಗಡಿಯಲ್ಲಿ ಪಾತ್ರೆಗಳ ಮೇಲೆ ಹೆಸರು ಹಾಕುವವಳು. ಬಾಗಿಲ ಹತ್ತಿರ ಒಂದು ಸ್ಟೂಲು, ಮುಂದೆ ಒಂದು ಮೇಜು, ಕೈಯಲ್ಲಿ ದಪ್ಪ ಪೆನ್ನಿನ ಹಾಗಿರುವ, ಝುರ್ರ್ ಅನ್ನುವ ಮಷೀನು. ಗದಗದ ಕಡೆಯವಳು, ಈಗ ಹೇರೋಹಳ್ಳಿಯಲ್ಲಿ ಬಾಡಿಗೆ ಮನೆ. ಊರು ಬಿಟ್ಟು ಬಂದ ಹೊಸದರಲ್ಲಿ ಕಟ್ಟಡಗಳಲ್ಲಿ ಗಾರೆ ಬಾಂಡ್ಲಿ ಹೊತ್ತವಳು, ಆಮೇಲೆ ನಮ್ಮ ಅಂಗಡಿಯಲ್ಲಿ ಪೆಟ್ಟಿಗೆ ಇಳಿಸಿದವಳು, ಅಕ್ಷರ ದುಂಡಗಿದೆ ಅಂತ ಕೊನೆಗೆ ಈ ಸ್ಟೂಲಿಗೆ ಬಂದವಳು. “ಬೆಂಗ್ಳೂರಿಗೆ ಬಂದ ಮ್ಯಾಲ ನಾ ಕುಂತು ಮಾಡಿದ್ದು ಇದೊಂದ ಕೆಲಸ ನೋಡೋ ತಮ್ಮಾ” ಅನ್ನುತ್ತಿದ್ದಳು. ಸ್ಟೂಲನ್ನು ಬೆಳಗ್ಗೆ ಸೆರಗಿನಿಂದ ಒರೆಸಿ ಕೂರುವುದು ನೋಡಿದರೆ ಯಾರಿಗಾದರೂ ಅದು ಸಿಂಹಾಸನ ಅನ್ನಿಸಬೇಕು.

ಅವಳಿಗೆ ಸಕ್ಕರೆ ಕಾಯಿಲೆ. ಬೆಳಗ್ಗೆ ಮಾತ್ರೆ ನುಂಗಿ ಬಂದರೆ ಮಧ್ಯಾಹ್ನ ಹೊತ್ತಿಗೆ ಸರಿಯಾಗಿ ಹೊಟ್ಟೆಗೆ ಬೀಳಬೇಕು ಅಂತ ಡಾಕ್ಟರು ಹೇಳಿದ್ದರು. ಬೀಳದಿದ್ದರೆ ಬೆವರು, ಕೈನಡುಕ. ಸೆರಗಿನ ತುದಿಯಲ್ಲಿ ಪೆಪ್ಪರ್‌ಮಿಂಟು ಗಂಟು ಹಾಕಿಕೊಂಡಿರುತ್ತಿದ್ದಳು. ಮಾಲೀಕರು ಕೇಳಿದಾಗ ಮಾತ್ರ ಅದೇ ಪೆಪ್ಪರ್‌ಮಿಂಟು ಬಾಯಲ್ಲಿಟ್ಟುಕೊಂಡು, “ಆತ್ರಿ ಸರ. ನಿಮ್ದಾತೇನ್ರಿ?”

ನನ್ನ ಅಕ್ಕ, ಅಂದರೆ ಒಡಹುಟ್ಟಿದ ಅಕ್ಕ, ಕೆಂಗೇರಿ ಕಡೆ ಗಾರ್ಮೆಂಟ್ಸ್‌ನಲ್ಲಿ ಸೂಪರ್‌ವೈಸರ್. ಒಂದು ಸಂಜೆ ನಾನು ಬಂದವನೇ ತಣ್ಣಗಿನ ಡಬ್ಬಿ ಬಿಚ್ಚಿ ಗಬಗಬ ತಿನ್ನುವುದು ನೋಡಿ, “ನಿಮ್ಮಂಗ್ಡೀಲಿ ಊಟಕ್ಕೆ ಬಿಡಲ್ವೇನೋ? ನಮ್ಮಲ್ಲಿ ಸೈರನ್ ಕೂಗತ್ತೆ” ಅಂದಳು.

“ನಮ್ಮಲ್ಲಿ ಹೊಟ್ಟೆ ಕೂಗತ್ತೆ.”

“ತಮಾಷೆ ಸಾಕು. ಅಂಗಡಿಗಳಿಗೂ ಕಾನೂನಿದೆ ಕಣೋ. ಐದು ಗಂಟೆ ಮೀರಿ ಒಂದೇ ಸಮ ದುಡಿಸೋ ಹಾಗಿಲ್ಲ, ಮಧ್ಯೆ ಒಂದು ಗಂಟೆ ಬಿಡ್ಬೇಕು. ಸೇರೋ ದಿನಾನೇ ಕೇಳ್ಬೇಕಿತ್ತು ನೀನು.”

“ಸೇರೋ ದಿನ ಬೋನಸ್ ಕೇಳ್ದೆ.”

“ಅದನ್ನ ಕೇಳಕ್ಕೆ ಬಾಯಿತ್ತು, ಇದಕ್ಕಿರ್ಲಿಲ್ಲ” ಅಂತ ನನ್ನ ತಲೆಗೆ ಮೊಟಕಿ ಎದ್ದುಹೋದಳು.

ಮರುದಿನ ಅಂಗಡಿಗೆ ಹೋಗಿ ಇದನ್ನು ದೊಡ್ಡ ಸುದ್ದಿಯ ಹಾಗೆ ಒದರಿದೆ. ಸೀನಿಯರ್ ಅಣ್ಣ ಸುತ್ತ ನೋಡಿ, “ಗುರು, ನೀನು ಬಂದು ಇನ್ನೂ ಬೆವರು ಆರಿಲ್ಲ. ಕಾನೂನು ಗೀನೂನು ಅಂದ್ರೆ ನಾಯಂಡಹಳ್ಳಿ ಗೋಡೌನ್ ತೋರಿಸ್ತಾರೆ” ಅಂದ. ನಮ್ಮ ಗೋಡೌನ್ ಅಂದರೆ ದಿನವಿಡೀ ಪೆಟ್ಟಿಗೆ ಹೊರುವುದು, ಲಾರಿಗೆ ಏರಿಸುವುದು, ಇಳಿಸುವುದು. ಕೂರಲು ಒಂದು ಕಲ್ಲೂ ಇಲ್ಲ. ಹೆಸರು ಹಾಕುವ ಅಕ್ಕ ನನ್ನ ತೋಳು ಹಿಡಿದು, “ನೀ ಏನರ ಕೇಳ್ಕೋ, ನನ್ನ ಹೆಸರ ಮಾತ್ರ ತಗೀಬ್ಯಾಡೋ. ಈ ಸ್ಟೂಲ್ ಹೋತಂದ್ರ ಮತ್ತ ಬಾಂಡ್ಲಿ ಹೊರೂ ತಾಕತ್ತಿಲ್ಲ ನನಗ” ಅಂದಳು. ನಾನು ಸುಮ್ಮನಾದೆ. ಸುಮ್ಮನಾದೆ ಅಂದರೆ ಕೇಳುವುದು ಬಿಟ್ಟೆ; ಮಾಲೀಕರ ಮಿಮಿಕ್ರಿ ಮಾಡಿ ಎಲ್ಲರನ್ನೂ ನಗಿಸುವುದು ಶುರು ಮಾಡಿದೆ. ಧೈರ್ಯ ಇಲ್ಲದವನಿಗೆ ಅದು ತುಂಬಾ ಅನುಕೂಲದ ಕೆಲಸ. ಎರಡು ಕೆಮ್ಮು, ‘ಏನಪ್ಪಾ, ಊಟ ಆಯ್ತಾ’. ಬಿದ್ದು ಬಿದ್ದು ನಗುತ್ತಿದ್ದರು. ಹಸಿದ ಹೊಟ್ಟೆಯಲ್ಲಿ ನಗು ಜಾಸ್ತಿ ಬರುತ್ತದೋ ಏನೋ.

ಒಂದು ಶುಕ್ರವಾರ ಬಸವೇಶ್ವರನಗರದ ಒಬ್ಬ ಆಂಟಿಯ ಆರ್ಡರ್ ಬಂತು. ಗೃಹಪ್ರವೇಶಕ್ಕೆ ಬಂದವರಿಗೆಲ್ಲ ಕೊಡಲು ಸ್ಟೀಲ್ ಬಟ್ಟಲು, ಮೇಲೆ ‘ಪ್ರೀತಿಯ ಉಡುಗೊರೆ’ ಅಂತ ಬರೆಯಬೇಕು, ಸಂಜೆಗೆ ಬೇಕೇ ಬೇಕು. ಅಕ್ಕ ಬರೆಯುವುದು, ನಾನು ಒಂದೊಂದೇ ಬಟ್ಟಲು ಕೈಗೆ ಕೊಟ್ಟು, ಬರೆದದ್ದನ್ನು ಬೋರಲು ಹಾಕಿ ಜೋಡಿಸುವುದು. ಹೊತ್ತು ಮೀರಿತು. ಮಾಲೀಕರು ಬಂದು ಕೇಳಿ ಹೋದರು, ನಾವಿಬ್ಬರೂ ಆಯ್ತು ಅಂದೆವು. ಅಕ್ಕನ ಹಣೆಯ ಮೇಲೆ ಬೆವರು. ಅವಳ ಮನಸ್ಸು ಬೇರೆ ಕಡೆ ತಿರುಗಿಸೋಣ ಅಂತ, ನನ್ನ ಬುದ್ಧಿಗೆ ಇಷ್ಟು ಬೆಂಕಿ ಹಾಕ, ಮಾಲೀಕರ ದನಿ ತೆಗೆದೆ.

“ಹ್ಹುಂ ಹ್ಹುಂ. ಏನಮ್ಮಾ, ಪ್ರೀತಿಯ ಊಟ ಆಯ್ತಾ? ಪ್ರೀತಿಯ ಅನ್ನ ಆಯ್ತಾ? ಪ್ರೀತಿಯ ಮುದ್ದೆ?”

“ಸುಮ್ನಿರೋ, ನಗಿಸಬ್ಯಾಡ, ಕೈ ಅಲುಗ್ತೈತಿ” ಅಂತ ನಗುತ್ತಲೇ ಬರೆದಳು. ಮುಂದಿನ ಬಟ್ಟಲಿಗೆ ಹಿಂದಿನದನ್ನೇ ನೋಡಿಕೊಂಡು ಬರೆಯುವುದು ಅವಳ ಅಭ್ಯಾಸ. ಹಾಗಾಗಿ ಒಂದು ತಪ್ಪಿದ್ದು ಸಾಲಾಗಿ ತಪ್ಪುತ್ತ ಹೋಯಿತು. ನೋಡಬೇಕಾದವನು ನಾನು. ನಾನು ನನ್ನ ದನಿಯನ್ನೇ ಕೇಳಿಕೊಂಡು ಖುಷಿಯಾಗಿ ಬೋರಲು ಹಾಕುತ್ತಿದ್ದೆ.

ಸಂಜೆ ಆಂಟಿ ಬಂದರು. ಒಂದು ಬಟ್ಟಲು ಎತ್ತಿ, ಕನ್ನಡಕ ಏರಿಸಿ ಓದಿದರು. ಇನ್ನೊಂದು ಎತ್ತಿದರು.

“ಏನ್ರೀ ಇದು, ‘ಪ್ರೀತಿಯ ಊಟ’? ಊಟಕ್ಕೆ ನಾನು ಅಡುಗೆಯವರಿಗೆ ಹೇಳಿದೀನಿ, ನಿಮಗಲ್ಲ!”

ಮಾಲೀಕರು ಓಡಿ ಬಂದರು. ಓದಿದರು. ಮುಖ ಕೆಂಪಾಯಿತು. “ಹ್ಹುಂ ಹ್ಹುಂ. ಏನಮ್ಮಾ, ಕಣ್ಣು ಎಲ್ಲಿತ್ತು? ಇಷ್ಟು ಸ್ಟೀಲ್ ಏನ್ ಮಾಡ್ಲಿ ನಾನು? ನಿಮ್ ಕೈಲಿ ಇದಾಗಲ್ಲ. ಸೋಮವಾರದಿಂದ ನಾಯಂಡಹಳ್ಳಿ ಗೋಡೌನ್‌ಗೆ ಹೋಗಿ. ಇಲ್ಲಿ ಬೇರೆಯವರನ್ನ ಕೂರಿಸ್ತೀನಿ.”

ಅಕ್ಕ ಎದ್ದು ನಿಂತಳು. ಮೇಜಿನ ಅಂಚು ಹಿಡಿದುಕೊಂಡಿದ್ದಳು. ಅವಳ ಕಣ್ಣು ಸ್ಟೂಲಿನ ಮೇಲಿತ್ತು.

“ಸಾರ್, ಆ ಊಟ ನಂದು” ಅಂದೆ.

“ಏನು?”

“ಆ ಪದ ನಂದು ಸಾರ್. ನಾನು ಪಕ್ಕದಲ್ಲಿ ಕೂತು ಊಟ ಊಟ ಅಂತ ಬಡ್ಕೋತಿದ್ದೆ, ಅಕ್ಕ ಅದನ್ನೇ ಬರೆದ್ರು. ಬೆಳಗ್ಗಿಂದ ಅವರ ಹೊಟ್ಟೆಗೆ ಏನೂ ಬಿದ್ದಿಲ್ಲ. ಸಕ್ಕರೆ ಇದೆ ಅವರಿಗೆ, ಕೈ ನೋಡಿ.”

ಮಾಲೀಕರು ಕೈ ನೋಡಿದರು. ಆಮೇಲೆ ನನ್ನನ್ನು ನೋಡಿದರು. ಸಿಟ್ಟಿಗಿಂತ ಹೆಚ್ಚಾಗಿ ಅವರಿಗೆ ನೋವಾಗಿತ್ತು, ಆಣೆ ಮಾಡಿ ಹೇಳುತ್ತೇನೆ. “ಸುಳ್ಳು ಹೇಳ್ಬೇಡ. ನಾನೇ ಬಂದು ಕೇಳಿದ್ನಲ್ಲಪ್ಪಾ! ದಿನಾ ಒಬ್ಬೊಬ್ಬರನ್ನೂ ಕೇಳ್ತೀನಿ. ಎಲ್ಲಾರೂ ಆಯ್ತು ಅಂತೀರಾ. ಯಾವ ಅಂಗಡೀಲಿ ಮಾಲೀಕ ಹೀಗೆ ಕೇಳ್ತಾನೆ ಹೇಳು?”

ಅಲ್ಲಿ ನಾನು ಮರ್ಯಾದೆಯಿಂದ ವಿವರಿಸಬೇಕಾಗಿತ್ತು. ಆದರೆ ಹೆದರಿಕೆಯಾದಾಗ ನನ್ನ ಸ್ವಂತ ದನಿ ಬರುವುದಿಲ್ಲ. ಬೇರೆಯವರ ದನಿಗಳೇ ಸಾಲಾಗಿ ಹೊರಬಂದವು. ಎರಡು ಕೆಮ್ಮು, ‘ಏನಪ್ಪಾ, ಊಟ ಆಯ್ತಾ’. ಸೀನಿಯರ್ ಅಣ್ಣನ ಮೂಗಿನ ದನಿಯಲ್ಲಿ, ‘ಆಯ್ತು ಸಾರ್’. ಎರಡು ಕೆಮ್ಮು. ಅಕ್ಕನ ದನಿ, ‘ಆತ್ರಿ ಸರ, ನಿಮ್ದಾತೇನ್ರಿ’. ಎರಡು ಕೆಮ್ಮು. ಕೊನೆಗೆ ನನ್ನದೇ ದನಿ, ಬಾಯಲ್ಲಿ ಅನ್ನ ಇಟ್ಟುಕೊಂಡ ಹಾಗೆ, ‘ಆಯ್ತು ಸಾರ್, ನಿಮ್ದು?’ ಬೇರೆ ಎಲ್ಲರಿಗಿಂತ ನನ್ನದೇ ಹೆಚ್ಚು ಹಾಸ್ಯಾಸ್ಪದವಾಗಿ ಕೇಳಿಸಿತು.

ಆಂಟಿ ಸೆರಗು ಬಾಯಿಗೆ ಅಡ್ಡ ಹಿಡಿದು ನಕ್ಕರು. ಬೇರೆ ಯಾರೂ ನಗಲಿಲ್ಲ. ಮಾಲೀಕರು, “ನಾನು ಹಂಗೆ ಕೆಮ್ತೀನಾ?” ಅಂದರು.

“ಸ್ವಲ್ಪ ಜಾಸ್ತಿ ಮಾಡ್ದೆ ಸಾರ್.”

“ಅಂದ್ರೆ ಒಬ್ಬರಿಗೂ ಊಟ ಆಗಿರ್ಲಿಲ್ವಾ? ಇಷ್ಟು ದಿನಾನೂ?”

“ಇಲ್ಲ ಸಾರ್” ಅಂದೆ. ಆಗ ನಾನು ಒಡಹುಟ್ಟಿದ ಅಕ್ಕ ಹೇಳಿದ್ದನ್ನು ಹೇಳಿದೆ, ಐದು ಗಂಟೆಯದ್ದು, ಒಂದು ಗಂಟೆಯದ್ದು. “ಮಧ್ಯಾಹ್ನ ಬಾಗ್ಲು ಹಾಕ್ಕೊಂಡು ಕೂರಕ್ಕಾಗತ್ತೇನಯ್ಯಾ?” ಅಂದರು. ಬಾಗಿಲು ಹಾಕುವುದು ಬೇಡ, ಸರದಿ ಮೇಲೆ ಹೋಗೋಣ ಅಂದೆ. ಅಷ್ಟರಲ್ಲಿ ಆಂಟಿ ಅಕ್ಕನ ಕಡೆ ತಿರುಗಿ, “ಇವರ ಪಂಚಾಯ್ತಿ ಆಮೇಲಿರ್ಲಿ. ನೀನು ಮೊದ್ಲು ಹೋಗಿ ತಿಂದ್ಕೊಂಡು ಬಾಮ್ಮಾ, ನಾನು ಕಾಯ್ತೀನಿ” ಅಂತ ಅಲ್ಲೇ ಒಂದು ಡ್ರಮ್ಮಿನ ಮೇಲೆ ಕೂತುಬಿಟ್ಟರು.

ಅಕ್ಕ ಹಿಂದೆ ಹೋಗಿ ರೊಟ್ಟಿ ತಿಂದು, ನೀರು ಕುಡಿದು, ಮುಖ ತೊಳೆದುಕೊಂಡು ಬಂದಳು. ಒಂದು ಬಟ್ಟಲು ಎತ್ತಿ ತಿರುಗಿಸಿ ನೋಡಿದಳು. ಸ್ಟೀಲಿನ ಮೇಲೆ ಬರೆದದ್ದನ್ನು ಅಳಿಸಲಾಗುವುದಿಲ್ಲ, ಸೇರಿಸಬಹುದು. “ಮುಂದ ಇಷ್ಟು ಜಾಗ ಐತ್ರೀ ಅಮ್ಮಾರ. ‘ದ ನೆನಪಿಗೆ’ ಅಂತ ಹಾಕ್ಲೇನ್ರಿ?” ಅಂದಳು. ಪ್ರೀತಿಯ ಊಟದ ನೆನಪಿಗೆ. ಆಂಟಿ ಎರಡು ಸಲ ಗಟ್ಟಿಯಾಗಿ ಓದಿಕೊಂಡು, “ಉಡುಗೊರೆ ಎಲ್ಲಾರೂ ಹಾಕಿಸ್ತಾರೆ, ಇದೇ ಇರ್ಲಿ” ಅಂದರು. ಝುರ್ರ್ ಅಂತ ಮಷೀನು ಶುರುವಾಯಿತು. ಈ ಸಲ ಅಕ್ಷರ ಒಂದೂ ಅಲುಗಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಆಂಟಿ ಹೋದ ಮೇಲೆ ಮಾಲೀಕರು, “ನಾಳೆಯಿಂದ ಸರದಿ ಮೇಲೆ ಊಟಕ್ಕೆ ಹೋಗಿ” ಅಂತ ಎಲ್ಲರಿಗೂ ಹೇಳಿದರು. ಸೋಮವಾರದ ಮಾತನ್ನು ಮಾತ್ರ ವಾಪಸ್ ತೆಗೆದುಕೊಳ್ಳಲಿಲ್ಲ.

ಇಷ್ಟಕ್ಕೇ ಸರಿಹೋಯಿತು ಅಂದುಕೊಂಡರೆ ನಿಮಗೆ ನಮ್ಮ ಜನ ಗೊತ್ತಿಲ್ಲ. ಶನಿವಾರ ಮಧ್ಯಾಹ್ನ ಒಬ್ಬರೂ ಹೋಗಲಿಲ್ಲ. “ನೀವು ಹೋಗಿ ಅಣ್ಣ” ಅಂದೆ. “ಏ, ನೀನು ಹೋಗು ಮಗಾ” ಅಂದ. ಹೋಟೆಲಿನಲ್ಲಿ ಬಿಲ್ ಯಾರು ಕೊಡಬೇಕು ಅಂತ ಕೈ ಹಿಡಿದು ಎಳೆದಾಡುತ್ತಾರಲ್ಲ, ಹಾಗೆ. ಮೊದಲು ಹೋದವನು ಹೊಟ್ಟೆಬಾಕ ಅನ್ನಿಸಿಕೊಳ್ಳುತ್ತಾನೆ ಅಂತ ಒಳಗೊಳಗೇ ಎಲ್ಲರಿಗೂ ಭಯ. ಅಕ್ಕನಿಗೆ ಬೇರೆಯೇ ಭಯ. ಸೋಮವಾರ ಏನಾಗುತ್ತದೋ ಗೊತ್ತಿಲ್ಲದಾಗ ಇವತ್ತು ಸ್ಟೂಲು ಬಿಟ್ಟು ಏಳುವುದು ಹೇಗೆ? ಅಷ್ಟರಲ್ಲಿ ಮಾಲೀಕರು ಎಲೆ ಅಡಿಕೆ ಜಗಿಯುತ್ತ ಇಳಿದು ಬಂದರು. ಅಭ್ಯಾಸಬಲ, ಎರಡು ಕೆಮ್ಮು, “ಊಟ ಆಯ್ತಾ?” ನಮಗೂ ಅಭ್ಯಾಸಬಲ, “ಆಯ್ತು ಸಾರ್.” ಹಿಂದಿನ ದಿನ ಅಷ್ಟು ಭಾಷಣ ಬಿಗಿದ ನಾನು, “ನಿಮ್ದು?” ಅಂತ ಬೇರೆ ಕೇಳಿದೆ. ಅವರು ನೆಮ್ಮದಿಯಿಂದ ತಲೆಯಾಡಿಸಿ ಗಲ್ಲಾದ ಹತ್ತಿರ ಹೋದರು. ಕಾನೂನು ಬಂದರೂ ನಾಲಿಗೆ ಬಗ್ಗಲಿಲ್ಲ.

ಈಗ ನಮ್ಮಂಗಡಿಯಲ್ಲಿ ಹಿಂದುಗಡೆ ಪೆಟ್ಟಿಗೆಗಳನ್ನು ಸರಿಸಿ ಒಂದು ಮೇಜು, ಫ್ಯಾನು ಹಾಕಿದ್ದಾರೆ. ಇಬ್ಬಿಬ್ಬರಾಗಿ ಹೋಗುತ್ತೇವೆ, ಕೂತು ಉಣ್ಣುತ್ತೇವೆ, ಆಮೇಲೆ ಕಾಲು ಚಾಚಿ ಫೋನ್ ನೋಡುತ್ತೇವೆ, ಗಂಟೆ ಆದ ಮೇಲೇ ಏಳುತ್ತೇವೆ. ಮಾಲೀಕರು ಕೇಳುವುದನ್ನೇ ಬದಲಾಯಿಸಿದ್ದಾರೆ: “ಹ್ಹುಂ ಹ್ಹುಂ, ಈಗ ಯಾರ ಸರದಿ?” ಅದಕ್ಕೆ ‘ಆಯ್ತು’ ಅಂತ ಉತ್ತರ ಹೊಂದುವುದಿಲ್ಲ. ಹೊಸದಾಗಿ ಸೇರಲು ಬಂದವರಿಗೆ ನಾನು ಮೊದಲು ಹೇಳಿಕೊಡುವುದು ಊಟಕ್ಕೆ ಯಾವಾಗ ಬಿಡ್ತೀರಾ ಅಂತ ಕೇಳುವುದನ್ನು. ಇದೆಲ್ಲ ನನ್ನ ಮಿಮಿಕ್ರಿಯಿಂದ ಆಯಿತು ಅಂತ ನಾನು ಬೀದಿಯಲ್ಲಿ ಹೇಳಿಕೊಂಡು ತಿರುಗುವುದುಂಟು. ನಂಬಬೇಡಿ. ಆಗಿದ್ದು ಆ ಸೋಮವಾರ.

ಸೋಮವಾರ ಬೆಳಗ್ಗೆ ಅಕ್ಕ ನಾಯಂಡಹಳ್ಳಿಗೆ ಹೋಗಲಿಲ್ಲ. ನೇರ ಅಂಗಡಿಗೆ ಬಂದು, ಸ್ಟೂಲು ಒರೆಸಿ, ಕೂತಳು. ಮಾಲೀಕರು ನೋಡಿದರು. ಎರಡು ಸಲ ಕೆಮ್ಮಿದರು. ಕೆಮ್ಮಿನ ಹಿಂದೆ ಬರಬೇಕಾದ ಮಾತು ಬರಲಿಲ್ಲ. ಬೆಳಗ್ಗೆಯೆಲ್ಲ ಆ ಕೆಮ್ಮು ಅಂಗಡಿಯಲ್ಲಿ ಹಾಗೇ ನೇತಾಡುತ್ತಿತ್ತು. ಮಧ್ಯಾಹ್ನವಾಯಿತು. ಅಕ್ಕನ ಮುಂದೆ ತಟ್ಟೆ, ಲೋಟ, ಬಿಂದಿಗೆ ಹಿಡಿದುಕೊಂಡು ಜನ ನಿಂತಿದ್ದರು. ಮಾಲೀಕರು ಇಳಿದು ಬಂದು, ನಮ್ಮನ್ನೆಲ್ಲ ದಾಟಿ, ನೇರ ಅವಳ ಮೇಜಿನ ಮುಂದೆ ನಿಂತರು. ಅಭ್ಯಾಸಬಲವೋ, ಬೇಕಂತಲೇ ಕೇಳಿದರೋ, ನನಗೆ ಇವತ್ತಿಗೂ ಗೊತ್ತಿಲ್ಲ.

“ಏನಮ್ಮಾ, ಊಟ ಆಯ್ತಾ?”

ಝುರ್ರ್ ಅನ್ನುವುದು ನಿಂತಿತು. ಅಕ್ಕ ಮಷೀನಿನ ಸ್ವಿಚ್ ಆರಿಸಿ, ಸೀರೆಯ ಮೇಲಿದ್ದ ಸ್ಟೀಲಿನ ಪುಡಿ ಕೊಡವಿಕೊಂಡು, ಎದ್ದು ನಿಂತು, ಸೆರಗಿನಿಂದ ಇನ್ನೊಂದು ಸಲ ಆ ಸ್ಟೂಲು ಒರೆಸಿ ಅವರ ಕಡೆ ತಳ್ಳಿದಳು.

“ಇಲ್ರಿ ಸರ, ಆಗಿಲ್ಲ. ಈಗ ಉಣ್ಣಾಕ ಹೊಂಟೀನಿ. ನಾ ತಿರುಗಿ ಬರೂತನಾ ಇದರ ಮ್ಯಾಲ ನೀವ ಕುಂದರ್ರಿ, ಬ್ಯಾರೆಯವ್ರನ್ನ ಕುಂದರಿಸಬ್ಯಾಡ್ರಿ.”